ಮೆದುಳು, ಬಿಪಿ, ಕಿಡ್ನಿ: ಈ ಮೂರರ ನಂಟೇನು? ಮುಂಬೈನ ಕೆಇಎಂ ಆಸ್ಪತ್ರೆಯ ಇತಿಹಾಸ ಹೇಳುವ ಪಾಠ

ಮುಂಬೈ: ಬಿಪಿ ಎಂದರೆ ಹೃದಯದ ಕಾಯಿಲೆ, ಕಿಡ್ನಿ ಎಂದರೆ ಮೂತ್ರದ ಸಮಸ್ಯೆ, ಮೆದುಳು ಎಂದರೆ ಯೋಚನೆ, ನೆನಪು. ಜನಸಾಮಾನ್ಯರು ಈ ಮೂರನ್ನೂ ಬೇರೆ ಬೇರೆಯಾಗಿಯೇ ನೋಡುತ್ತಾರೆ. ಆದರೆ ದೇಹದೊಳಗೆ ಈ ಮೂರೂ ದಿನದ 24 ಗಂಟೆ ಪರಸ್ಪರ ಮಾತನಾಡುತ್ತಲೇ ಇರುತ್ತವೆ. ರಕ್ತದೊತ್ತಡ ಎಷ್ಟಿರಬೇಕು, ದೇಹದಲ್ಲಿ ಎಷ್ಟು ಉಪ್ಪು ಮತ್ತು ನೀರು ಉಳಿಯಬೇಕು ಎಂಬುದು ತೀರ್ಮಾನವಾಗುವುದೇ ಈ ಮಾತುಕತೆಯಲ್ಲಿ. ಅದು ಹದ ತಪ್ಪಿದರೆ ಪಾರ್ಶ್ವವಾಯು, ಹೃದಯಾಘಾತ, ಕಿಡ್ನಿ ವೈಫಲ್ಯ ಒಂದರ ಹಿಂದೆ ಒಂದು ಬರಬಹುದು.

ಮುಂಬೈ ಮಟ್ಟಿಗೆ ಇದು ದೂರದ ವಿಷಯವಲ್ಲ. ಮುಂಬೈ ಮಹಾನಗರ ಪಾಲಿಕೆಯು ವಿಶ್ವ ಆರೋಗ್ಯ ಸಂಸ್ಥೆಯ ವಿಧಾನದಂತೆ 2021ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ನಗರದ ವಯಸ್ಕರ ಪೈಕಿ ಶೇ. 34ರಷ್ಟು ಮಂದಿಗೆ ಅಧಿಕ ರಕ್ತದೊತ್ತಡ ಇರುವುದು ಕಂಡುಬಂದಿತ್ತು. ಅಂದರೆ ಲೋಕಲ್ ರೈಲಿನ ಒಂದು ಸೀಟಿನಲ್ಲಿ ಮೂವರು ಕುಳಿತಿದ್ದರೆ ಅವರಲ್ಲಿ ಒಬ್ಬರಿಗೆ ಬಿಪಿ ಇದೆ ಎಂದು ಲೆಕ್ಕ. ಇನ್ನೊಂದು ಸಂಗತಿ ಎಂದರೆ, ಸರ್ಪಗಂಧದ ಬೇರಿನಿಂದ ಬಿಪಿ ಇಳಿಸಬಹುದು ಎಂಬುದನ್ನು ಜಗತ್ತಿಗೆ ಮನವರಿಕೆ ಮಾಡಿಕೊಟ್ಟ ಮುಖ್ಯ ಅಧ್ಯಯನ ನಡೆದದ್ದೂ ಇದೇ ಮುಂಬೈನಲ್ಲಿ. ಅದರ ವಿವರಕ್ಕೆ ಹೋಗುವ ಮೊದಲು ದೇಹದ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಬೇಕು.

ರಕ್ತಕ್ಕೆ ಒತ್ತಡ ಏಕೆ ಬೇಕು?

ಮುಂಬೈನ ನೀರು ಪೂರೈಕೆಯನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ವಿಹಾರ್, ತುಳಸಿ, ತಾನಸಾ, ಭಾತ್ಸಾ ಸೇರಿದಂತೆ ಏಳು ಜಲಾಶಯಗಳಿಂದ ನಗರಕ್ಕೆ ನೀರು ಬರುತ್ತದೆ. ಭಾಂಡುಪ್‌ನಲ್ಲಿ ಶುದ್ಧವಾಗಿ, ಮಲಬಾರ್ ಹಿಲ್‌ನಂತಹ ಎತ್ತರದ ಜಾಗದ ಟ್ಯಾಂಕ್‌ಗಳಿಗೆ ಏರಿ, ಅಲ್ಲಿಂದ ಮನೆಮನೆಗೆ ಹರಿಯುತ್ತದೆ. ನಲ್ಲಿಯಲ್ಲಿ ನೀರಿನ ರಭಸ ಎಷ್ಟಿರಬೇಕು ಎಂಬುದು ಮೂರು ವಿಷಯಗಳನ್ನು ಅವಲಂಬಿಸಿದೆ: ಪಂಪ್ ಎಷ್ಟು ಜೋರಾಗಿ ತಳ್ಳುತ್ತಿದೆ, ವಾಲ್ವ್ ಎಷ್ಟು ತೆರೆದಿದೆ ಮತ್ತು ಒಟ್ಟು ನೀರು ಎಷ್ಟಿದೆ.

ದೇಹದಲ್ಲಿಯೂ ಲೆಕ್ಕ ಇದೇ. ಹೃದಯವೇ ಪಂಪ್. ವಿಶ್ರಾಂತಿಯಲ್ಲಿರುವಾಗ ಅದು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹೊರದೂಡುತ್ತದೆ. ಸಣ್ಣ ರಕ್ತನಾಳಗಳೇ ವಾಲ್ವ್‌ಗಳು. ಅವು ಬಿಗಿಯಾದರೆ ಒತ್ತಡ ಏರುತ್ತದೆ, ಸಡಿಲವಾದರೆ ಇಳಿಯುತ್ತದೆ. ಒಟ್ಟು ನೀರಿನ ಪ್ರಮಾಣವನ್ನು ನೋಡಿಕೊಳ್ಳುವುದು ಕಿಡ್ನಿ.

ಕಿಡ್ನಿಗಳು ಗಾತ್ರದಲ್ಲಿ ಚಿಕ್ಕವು. ಆದರೂ ಹೃದಯ ಹೊರದೂಡುವ ರಕ್ತದ ಐದನೇ ಒಂದು ಭಾಗಕ್ಕೂ ಹೆಚ್ಚು ಅವುಗಳಿಗೇ ಹೋಗುತ್ತದೆ. ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಅವು ಸೋಸುತ್ತವೆ. ಅದರಲ್ಲಿ ಬಹುಪಾಲನ್ನು ರಕ್ತಕ್ಕೇ ಮರಳಿಸಿ, ಒಂದೂವರೆ ಲೀಟರ್ ಆಸುಪಾಸು ಮಾತ್ರ ಮೂತ್ರವಾಗಿ ಹೊರಗೆ ಕಳಿಸುತ್ತವೆ. ಈ ವಾಪಸಾತಿಯಲ್ಲಿ ಸ್ವಲ್ಪವೇ ಹೆಚ್ಚು ಕಡಿಮೆಯಾದರೂ ಕೆಲವೇ ದಿನಗಳಲ್ಲಿ ರಕ್ತದೊತ್ತಡದ ಮೇಲೆ ಪರಿಣಾಮ ಕಾಣಿಸುತ್ತದೆ.

ಈ ಪಂಪ್, ವಾಲ್ವ್ ಮತ್ತು ಟ್ಯಾಂಕ್ ಮೂರರ ಮೇಲೂ ಕಣ್ಣಿಟ್ಟಿರುವ ನಿಯಂತ್ರಣ ಕೊಠಡಿಯೇ ಮೆದುಳು.

ಎದ್ದು ನಿಂತಾಗ ನಡೆಯುವ ಕ್ಷಣಾರ್ಧದ ಕೆಲಸ

ಮಲಗಿದ್ದವರು ಥಟ್ಟನೆ ಎದ್ದು ನಿಂತರೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು ಮತ್ತು ಹೊಟ್ಟೆಯ ಭಾಗಕ್ಕೆ ಇಳಿಯುತ್ತದೆ. ಆಗ ಮೆದುಳಿಗೆ ರಕ್ತ ಕಡಿಮೆಯಾಗಿ ತಲೆ ತಿರುಗಿ ಬೀಳಬೇಕಿತ್ತು. ಆದರೆ ಆರೋಗ್ಯವಂತರಲ್ಲಿ ಹಾಗಾಗುವುದಿಲ್ಲ.

ಇದಕ್ಕೆ ಕಾರಣ ಕುತ್ತಿಗೆಯ ಎರಡೂ ಬದಿಯ ಕೆರೋಟಿಡ್ ರಕ್ತನಾಳ ಹಾಗೂ ಹೃದಯದಿಂದ ಹೊರಡುವ ಮಹಾಪಧಮನಿಯ ಕಮಾನಿನ ಗೋಡೆಗಳಲ್ಲಿರುವ ಒತ್ತಡ ಸಂವೇದಕಗಳು. ರಕ್ತನಾಳದ ಗೋಡೆ ಎಷ್ಟು ಹಿಗ್ಗಿದೆ ಎಂಬುದನ್ನು ಪ್ರತಿ ಎದೆಬಡಿತಕ್ಕೂ ಇವು ಅಳೆಯುತ್ತವೆ. ಆ ಸುದ್ದಿ ನರಗಳ ಮೂಲಕ ಮೆದುಳಿನ ಬುಡದಲ್ಲಿರುವ ಮೆಡುಲ್ಲಾ ಎಂಬ ಭಾಗಕ್ಕೆ ತಲುಪುತ್ತದೆ.

ಮೆಡುಲ್ಲಾದಲ್ಲಿ ಸುದ್ದಿ ಸ್ವೀಕರಿಸುವ ಒಂದು ಕೇಂದ್ರವಿದೆ, ಆದೇಶ ಹೊರಡಿಸುವ ಇನ್ನೊಂದು ಕೇಂದ್ರವಿದೆ. ಒತ್ತಡ ಏರಿದೆ ಎಂಬ ಸುದ್ದಿ ಬಂದರೆ ಆದೇಶ ಕೇಂದ್ರದ ಬಾಯಿ ಮುಚ್ಚಿಸಲಾಗುತ್ತದೆ, ಜೊತೆಗೆ ವೇಗಸ್ ನರದ ಮೂಲಕ ಹೃದಯದ ಬಡಿತ ನಿಧಾನವಾಗುತ್ತದೆ. ಒತ್ತಡ ಇಳಿದಿದೆ ಎಂಬ ಸುದ್ದಿ ಬಂದರೆ ಆದೇಶ ಕೇಂದ್ರಕ್ಕೆ ಬಿಡುವು ಸಿಗುತ್ತದೆ. ಅದು ಬೆನ್ನುಹುರಿಯ ಮೂಲಕ ಸಿಂಪಥೆಟಿಕ್ ನರಗಳನ್ನು ಎಚ್ಚರಿಸುತ್ತದೆ. ಆಗ ಹೃದಯ ಜೋರಾಗಿ ಬಡಿಯುತ್ತದೆ, ರಕ್ತನಾಳಗಳು ಬಿಗಿಯಾಗುತ್ತವೆ. ಇಷ್ಟೆಲ್ಲ ಆಗುವುದು ಒಂದೆರಡು ಸೆಕೆಂಡುಗಳಲ್ಲಿ.

ಆದರೆ ಈ ವ್ಯವಸ್ಥೆಗೆ ಒಂದು ದೌರ್ಬಲ್ಯವಿದೆ. ಒತ್ತಡ ದಿನಗಟ್ಟಲೆ ಹೆಚ್ಚಾಗಿಯೇ ಇದ್ದರೆ ಸಂವೇದಕಗಳು ಅದಕ್ಕೇ ಒಗ್ಗಿಕೊಂಡು, ಆ ಮಟ್ಟವನ್ನೇ ಸಹಜ ಎಂದು ತಿಳಿಯತೊಡಗುತ್ತವೆ. ಬಿಪಿ 160 ಇದ್ದರೂ ಎಷ್ಟೋ ಮಂದಿಗೆ ಏನೂ ಅನಿಸದಿರುವುದು ಏಕೆ ಎಂಬುದಕ್ಕೆ ಇದೂ ಒಂದು ಸುಳಿವು. ದೇಹದೊಳಗಿನ ಅಲಾರಾಂ ಮೌನವಾಗಿರುವುದರಿಂದಲೇ ಬಿಪಿಯನ್ನು ಯಂತ್ರದಲ್ಲಿ ಅಳೆದು ನೋಡಬೇಕಾಗುತ್ತದೆ.

ಮೆದುಳಿನಿಂದ ಕಿಡ್ನಿಗೆ ಎರಡು ದಾರಿ

ಮೆದುಳು ಕಿಡ್ನಿಗೆ ಸಂದೇಶ ಕಳಿಸಲು ಎರಡು ದಾರಿಗಳನ್ನು ಬಳಸುತ್ತದೆ. ಒಂದು ಟೆಲಿಫೋನ್ ತಂತಿಯಂತೆ ನೇರವಾದ ನರಗಳ ದಾರಿ. ಇನ್ನೊಂದು ಅಂಚೆಯಂತೆ ರಕ್ತದಲ್ಲಿ ಸಾಗುವ ಹಾರ್ಮೋನುಗಳ ದಾರಿ.

ನರಗಳ ದಾರಿಯ ಸುಳಿವು ಸಿಕ್ಕಿದ್ದು 19ನೇ ಶತಮಾನದಲ್ಲಿ. ಫ್ರಾನ್ಸಿನ ವಿಜ್ಞಾನಿ ಕ್ಲೋಡ್ ಬರ್ನಾರ್ಡ್, ಪ್ರಾಣಿಗಳಲ್ಲಿ ಕಿಡ್ನಿಯ ಕಡೆಗೆ ಹೋಗುವ ನರವನ್ನು ಕತ್ತರಿಸಿದಾಗ ಆ ಬದಿಯ ಕಿಡ್ನಿಯಿಂದ ಹೆಚ್ಚು ಮೂತ್ರ ಬರುವುದನ್ನು ಗಮನಿಸಿದರು. ಅಂದರೆ ಆ ನರ ಸಾಮಾನ್ಯ ಸ್ಥಿತಿಯಲ್ಲಿ ನೀರು ಹೊರಹೋಗದಂತೆ ತಡೆಯುತ್ತಿತ್ತು.

ಈ ನರಗಳು ಕಿಡ್ನಿಯಲ್ಲಿ ಮೂರು ಕೆಲಸ ಮಾಡುತ್ತವೆ ಎಂಬುದು ಈಗ ತಿಳಿದಿದೆ. ಮೊದಲನೆಯದಾಗಿ, ಸ್ವಲ್ಪವೇ ಪ್ರಚೋದನೆ ಇದ್ದರೂ ರೆನಿನ್ ಎಂಬ ಕಿಣ್ವ ಬಿಡುಗಡೆಯಾಗುತ್ತದೆ. ಎರಡನೆಯದಾಗಿ, ಪ್ರಚೋದನೆ ಹೆಚ್ಚಿದರೆ ಕಿಡ್ನಿಯ ಸೂಕ್ಷ್ಮ ನಳಿಕೆಗಳು ಹೆಚ್ಚು ಉಪ್ಪನ್ನು ಹಿಂದಕ್ಕೆ ಎಳೆದುಕೊಳ್ಳುತ್ತವೆ. ಮೂರನೆಯದಾಗಿ, ಪ್ರಚೋದನೆ ತೀವ್ರವಾದರೆ ಕಿಡ್ನಿಯ ರಕ್ತನಾಳಗಳೇ ಬಿಗಿಯಾಗಿ ರಕ್ತದ ಹರಿವು ಕುಗ್ಗುತ್ತದೆ. ಅಪಘಾತದಲ್ಲಿ ರಕ್ತ ಹರಿದುಹೋದಾಗ ಮೂತ್ರ ಬಹುತೇಕ ನಿಂತುಹೋಗಲು ಇದೂ ಕಾರಣ. ಕಿಡ್ನಿಗೆ ಹೋಗುವ ರಕ್ತವನ್ನು ಕಡಿತಗೊಳಿಸಿ ಮೆದುಳು ಮತ್ತು ಹೃದಯವನ್ನು ಉಳಿಸಿಕೊಳ್ಳುವ ತಂತ್ರ ಅದು.

ಹಾರ್ಮೋನುಗಳ ದಾರಿಯಲ್ಲಿ ಮುಖ್ಯವಾದದ್ದು ವಾಸೊಪ್ರೆಸಿನ್. ಮೆದುಳಿನ ಹೈಪೋಥಲಾಮಸ್‌ನಲ್ಲಿ ಇದು ತಯಾರಾಗಿ, ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ರಕ್ತಕ್ಕೆ ಸೇರುತ್ತದೆ. ರಕ್ತದಲ್ಲಿ ಉಪ್ಪಿನ ಸಾಂದ್ರತೆ ಶೇ. 1ರಿಂದ 2ರಷ್ಟು ಏರಿದರೂ ಹೈಪೋಥಲಾಮಸ್‌ನ ಜೀವಕೋಶಗಳು ಅದನ್ನು ಪತ್ತೆ ಹಚ್ಚುತ್ತವೆ. ಕೂಡಲೇ ಎರಡು ಆದೇಶ ಹೊರಡುತ್ತದೆ: ಬಾಯಾರಿಕೆ ಹುಟ್ಟಿಸು, ಕಿಡ್ನಿಯಲ್ಲಿ ನೀರು ಉಳಿಸು. ಬೇಸಿಗೆಯಲ್ಲಿ ಬೆವರು ಸುರಿದಾಗ ಮೂತ್ರ ಕಡಿಮೆಯಾಗಿ ಗಾಢ ಹಳದಿ ಬಣ್ಣಕ್ಕೆ ತಿರುಗುವುದು ಈ ವಾಸೊಪ್ರೆಸಿನ್ ಕೆಲಸದಿಂದಲೇ.

ಕಿಡ್ನಿಯೂ ಮೆದುಳಿಗೆ ಉತ್ತರ ಬರೆಯುತ್ತದೆ

ಈ ಮಾತುಕತೆ ಏಕಮುಖವಲ್ಲ. 1898ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಟಿಗರ್‌ಸ್ಟೆಟ್ ಮತ್ತು ಬರ್ಗ್‌ಮನ್ ಎಂಬ ವಿಜ್ಞಾನಿಗಳು ಮೊಲದ ಕಿಡ್ನಿಯಿಂದ ತೆಗೆದ ರಸವನ್ನು ಇನ್ನೊಂದು ಮೊಲಕ್ಕೆ ಕೊಟ್ಟಾಗ ಅದರ ರಕ್ತದೊತ್ತಡ ಏರಿತು. ಆ ರಸದಲ್ಲಿದ್ದ ಅಂಶಕ್ಕೆ ಅವರಿಟ್ಟ ಹೆಸರೇ ರೆನಿನ್.

ಕಿಡ್ನಿಗೆ ಬರುವ ರಕ್ತದ ಒತ್ತಡ ಕಡಿಮೆಯಾದಾಗ, ಉಪ್ಪು ಕಡಿಮೆಯಾದಾಗ ಅಥವಾ ನರಗಳಿಂದ ಆದೇಶ ಬಂದಾಗ ರೆನಿನ್ ರಕ್ತಕ್ಕೆ ಬಿಡುಗಡೆಯಾಗುತ್ತದೆ. ಅದು ಸರಣಿ ಕ್ರಿಯೆಯೊಂದಕ್ಕೆ ಚಾಲನೆ ಕೊಟ್ಟು, ಕೊನೆಗೆ ಆಂಜಿಯೋಟೆನ್ಸಿನ್ ಎಂಬ ಶಕ್ತಿಶಾಲಿ ಅಂಶ ತಯಾರಾಗುತ್ತದೆ. ಇದು ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಅಡ್ರಿನಲ್ ಗ್ರಂಥಿಯಿಂದ ಆಲ್ಡೋಸ್ಟಿರೋನ್ ಎಂಬ ಹಾರ್ಮೋನು ಹೊರಡಿಸಿ ಉಪ್ಪನ್ನು ಉಳಿಸುತ್ತದೆ.

ಇಲ್ಲಿಗೇ ಮುಗಿಯುವುದಿಲ್ಲ. ಆಂಜಿಯೋಟೆನ್ಸಿನ್ ಮೆದುಳಿಗೂ ಸುದ್ದಿ ಮುಟ್ಟಿಸುತ್ತದೆ. ರಕ್ತದಲ್ಲಿನ ಹೆಚ್ಚಿನ ವಸ್ತುಗಳು ಸುಲಭವಾಗಿ ಮೆದುಳಿನೊಳಗೆ ಹೋಗದಂತೆ ತಡೆಗೋಡೆಯೊಂದಿದೆ. ಆದರೆ ಕೆಲವು ಕಡೆ ಆ ಗೋಡೆಗೆ ಕಿಟಕಿಗಳಿವೆ. ಆ ಕಿಟಕಿಗಳ ಬಳಿ ಆಂಜಿಯೋಟೆನ್ಸಿನ್ ಬಂದಾಗ ಬಾಯಾರಿಕೆ ಹೆಚ್ಚುತ್ತದೆ, ವಾಸೊಪ್ರೆಸಿನ್ ಹೊರಡುತ್ತದೆ, ಸಿಂಪಥೆಟಿಕ್ ನರಗಳು ಇನ್ನಷ್ಟು ಚುರುಕಾಗುತ್ತವೆ. ಜೊತೆಗೆ ಕಿಡ್ನಿಯಿಂದ ಮೆದುಳಿನ ಕಡೆಗೆ ಸುದ್ದಿ ಒಯ್ಯುವ ನರಗಳೂ ಇವೆ. ಕಿಡ್ನಿಗೆ ರಕ್ತ ಸಾಲದಿದ್ದರೆ ಅಥವಾ ಹಾನಿಯಾದರೆ ಇವು ಮೆದುಳಿಗೆ ದೂರು ಕೊಡುತ್ತವೆ.

ಕಿಡ್ನಿ ಕಾಯಿಲೆ ಇರುವವರಲ್ಲಿ ಬಿಪಿ ಇಳಿಸುವುದು ಏಕೆ ಕಷ್ಟ ಎಂಬುದಕ್ಕೆ ಉತ್ತರ ಇಲ್ಲಿದೆ. ಹಾನಿಗೊಳಗಾದ ಕಿಡ್ನಿ ಉಪ್ಪನ್ನು ಸರಿಯಾಗಿ ಹೊರಹಾಕುವುದಿಲ್ಲ. ಅದರ ಮೇಲೆ ಮೆದುಳಿಗೆ ಪದೇ ಪದೇ ದೂರು ಕಳಿಸುತ್ತದೆ. ಮೆದುಳು ಅದನ್ನು ಕೇಳಿ ಒತ್ತಡ ಏರಿಸುತ್ತದೆ. ಏರಿದ ಒತ್ತಡ ಕಿಡ್ನಿಯ ಸೋಸುವ ಜಾಲರಿಗಳನ್ನು ಮತ್ತಷ್ಟು ಹಾಳು ಮಾಡುತ್ತದೆ. ಈ ವಿಷವರ್ತುಲವನ್ನು ಎಲ್ಲಾದರೂ ಒಂದು ಕಡೆ ಮುರಿಯುವುದೇ ಚಿಕಿತ್ಸೆಯ ಗುರಿ.

ಸರ್ಪಗಂಧದ ಬೇರು ಮತ್ತು ಡಾ. ರುಸ್ತುಂ ಜಾಲ್ ವಕೀಲ್

1940ರ ದಶಕದಲ್ಲಿ ವೈದ್ಯರ ಕೈಯಲ್ಲಿ ಬಿಪಿಗೆ ಹೇಳಿಕೊಳ್ಳುವಂತಹ ಮಾತ್ರೆಗಳಿರಲಿಲ್ಲ. ವಿಶ್ರಾಂತಿ, ಉಪ್ಪಿಲ್ಲದ ಊಟ, ನಿದ್ರೆಯ ಔಷಧ ಇಷ್ಟೇ. ಅಮೆರಿಕದಲ್ಲಿ ಕೆಲವು ಶಸ್ತ್ರವೈದ್ಯರು ಬೆನ್ನಿನ ಬದಿಯಲ್ಲಿ ಸೀಳಿ ಸಿಂಪಥೆಟಿಕ್ ನರಗಳನ್ನೇ ಕತ್ತರಿಸುತ್ತಿದ್ದರು. ಬಿಪಿ ಇಳಿಯುತ್ತಿತ್ತು ನಿಜ, ಆದರೆ ರೋಗಿ ಎದ್ದು ನಿಂತರೆ ತಲೆ ತಿರುಗಿ ಬೀಳುವಂತಾಗುತ್ತಿತ್ತು.

ಭಾರತದಲ್ಲಿ ಸರ್ಪಗಂಧದ ಬೇರನ್ನು ನಿದ್ರಾಹೀನತೆ, ಬುದ್ಧಿಭ್ರಮಣೆಗೆ ಬಳಸುವ ರೂಢಿ ಹಳೆಯದು. ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಬೆಳೆಯುವ ಗಿಡ ಇದು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಬೋಸ್ ಇದು ಬುದ್ಧಿಭ್ರಮಣೆಯ ಜೊತೆಗೆ ಅಧಿಕ ರಕ್ತದೊತ್ತಡಕ್ಕೂ ಉಪಯುಕ್ತ ಎಂದು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು. ಈಗ ಬೆಂಗಳೂರಿನಲ್ಲಿ ನೆಲೆಗೊಂಡಿರುವ ಹಿಮಾಲಯ ಕಂಪನಿ 1934ರಲ್ಲಿ ಈ ಬೇರಿನಿಂದ ಸರ್ಪಿನಾ ಎಂಬ ಮಾತ್ರೆ ತಂದಿತು. ಆದರೆ ಭಾರತದ ಹೊರಗೆ ಇದನ್ನು ಹೆಚ್ಚು ಜನ ಗಮನಿಸಲಿಲ್ಲ.

ಗಮನಿಸುವಂತೆ ಮಾಡಿದವರು ಮುಂಬೈನ ಹೃದ್ರೋಗ ತಜ್ಞ ಡಾ. ರುಸ್ತುಂ ಜಾಲ್ ವಕೀಲ್. ಲಂಡನ್‌ನಲ್ಲಿ ಓದಿ ಬಂದು ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಅವರು, ಹಲವು ವರ್ಷ ಈ ಔಷಧವನ್ನು ರೋಗಿಗಳಿಗೆ ಕೊಟ್ಟು ಬಿಪಿಯನ್ನು ಅಳೆದು ದಾಖಲಿಸಿದರು. 50 ರೋಗಿಗಳ ವಿವರಗಳನ್ನು ಒಳಗೊಂಡ ಅವರ ಪ್ರಬಂಧ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಅಲ್ಲಿಂದ ಜಗತ್ತಿನ ಕಣ್ಣು ಸರ್ಪಗಂಧದ ಮೇಲೆ ಬಿತ್ತು. ಬೋಸ್ಟನ್‌ನ ವೈದ್ಯ ರಾಬರ್ಟ್ ವಿಲ್ಕಿನ್ಸ್ ಅದನ್ನು ಅಮೆರಿಕದ ರೋಗಿಗಳ ಮೇಲೆ ಪರೀಕ್ಷಿಸಿದರು. 1952ರಲ್ಲಿ ಸ್ವಿಟ್ಜರ್‌ಲೆಂಡ್‌ನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನಿಂದ ರಿಸರ್ಪಿನ್ ಎಂಬ ಮೂಲ ಅಂಶವನ್ನು ಬೇರ್ಪಡಿಸಿದರು. ಇದೇ ಸೀಬಾ ಮುಂದೆ ಮುಂಬೈ ಉಪನಗರ ಗೋರೆಗಾಂವ್‌ನಲ್ಲಿ ಸಂಶೋಧನಾ ಕೇಂದ್ರ ತೆರೆಯಿತು. 1963ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅದನ್ನು ಉದ್ಘಾಟಿಸಿದರು.

ಡಾ. ವಕೀಲ್ ಅವರಿಗೆ 1957ರಲ್ಲಿ ಅಮೆರಿಕದ ಪ್ರತಿಷ್ಠಿತ ಲಾಸ್ಕರ್ ಪ್ರಶಸ್ತಿ, 1958ರಲ್ಲಿ ಪದ್ಮಭೂಷಣ ಸಂದವು.

ರಿಸರ್ಪಿನ್ ಕೆಲಸ ಮಾಡುವ ಬಗೆ ಗೊತ್ತಾದಾಗ ಬಿಪಿಯಲ್ಲಿ ನರಗಳ ಪಾತ್ರ ಇನ್ನಷ್ಟು ಸ್ಪಷ್ಟವಾಯಿತು. ನರದ ತುದಿಯಲ್ಲಿ ನಾರ್ ಅಡ್ರಿನಾಲಿನ್ ಎಂಬ ರಾಸಾಯನಿಕ ಸಣ್ಣ ಸಣ್ಣ ಚೀಲಗಳಲ್ಲಿ ಶೇಖರವಾಗಿರುತ್ತದೆ. ರಿಸರ್ಪಿನ್ ಆ ಚೀಲಗಳು ತುಂಬದಂತೆ ಮಾಡುತ್ತದೆ. ಮೆದುಳಿನಿಂದ ಆದೇಶ ಬಂದರೂ ನರದ ತುದಿಯಲ್ಲಿ ಸರಕು ಖಾಲಿ. ಹೀಗಾಗಿ ರಕ್ತನಾಳ ಬಿಗಿಯಾಗುವುದಿಲ್ಲ, ಒತ್ತಡ ಇಳಿಯುತ್ತದೆ.

ಆದರೆ ಇದೇ ಅದರ ತೊಂದರೆಯೂ ಹೌದು. ಔಷಧ ಮೆದುಳಿನೊಳಗೂ ಹೋಗಿ ಅಲ್ಲಿನ ರಾಸಾಯನಿಕಗಳನ್ನೂ ಖಾಲಿ ಮಾಡುತ್ತದೆ. ಕೆಲವು ರೋಗಿಗಳಲ್ಲಿ ಮಂಕುತನ, ಖಿನ್ನತೆ ಕಾಣಿಸಿಕೊಂಡವು. ಸ್ವೀಡನ್‌ನ ಅರ್ವಿಡ್ ಕಾರ್ಲ್ಸನ್ ರಿಸರ್ಪಿನ್ ಕೊಟ್ಟು ನಿಶ್ಚಲವಾಗಿದ್ದ ಮೊಲಗಳು ಎಲ್-ಡೋಪಾ ಕೊಟ್ಟಾಗ ಮತ್ತೆ ಓಡಾಡಿದ್ದನ್ನು ಕಂಡರು. ಪಾರ್ಕಿನ್ಸನ್ ಕಾಯಿಲೆಯ ಚಿಕಿತ್ಸೆಗೆ ದಾರಿ ತೆರೆದ ಈ ಸರಣಿಯ ಸಂಶೋಧನೆಗೆ ಅವರಿಗೆ 2000ದಲ್ಲಿ ನೊಬೆಲ್ ಬಂತು. ಇಂದು ಬಿಪಿಗೆ ಇದಕ್ಕಿಂತ ಸುರಕ್ಷಿತ ಮಾತ್ರೆಗಳು ಇರುವುದರಿಂದ ರಿಸರ್ಪಿನ್ ಬಳಕೆ ಬಹಳ ಕಡಿಮೆಯಾಗಿದೆ. ಸರ್ಪಗಂಧದ ಬೇರನ್ನು ಮನೆಯಲ್ಲಿ ಕಷಾಯ ಮಾಡಿ ಕುಡಿಯುವುದು ಅಪಾಯಕಾರಿ. ಬೇರಿನಿಂದ ಬೇರಿಗೆ ಔಷಧದ ಪ್ರಮಾಣ ಬದಲಾಗುತ್ತದೆ, ಬೇರೆ ಮಾತ್ರೆಗಳ ಜೊತೆ ಸೇರಿದರೆ ಬಿಪಿ ಪಾತಾಳಕ್ಕೆ ಇಳಿಯಬಹುದು.

ನರವೇ ಇಲ್ಲದ ಕಿಡ್ನಿ ಹೇಗೆ ಕೆಲಸ ಮಾಡುತ್ತದೆ?

ಹಾಗಾದರೆ ಮೆದುಳಿನ ನರ ಕತ್ತರಿಸಿದರೆ ಕಿಡ್ನಿ ನಿಂತುಹೋಗುತ್ತದೆಯೇ? ಇಲ್ಲ. ಇದಕ್ಕೆ ಕಸಿ ಮಾಡಿದ ಕಿಡ್ನಿಯೇ ಸಾಕ್ಷಿ.

ಭಾರತದಲ್ಲಿ ಕಿಡ್ನಿ ಕಸಿಯ ಮೊದಲ ಪ್ರಯತ್ನ ನಡೆದದ್ದು ಇದೇ ಕೆಇಎಂ ಆಸ್ಪತ್ರೆಯಲ್ಲಿ, 1965ರಲ್ಲಿ. ಮೃತ ವ್ಯಕ್ತಿಯ ಕಿಡ್ನಿಯನ್ನು ಅಲ್ಲಿ ಬಳಸಲಾಗಿತ್ತು. ಜೀವಂತ ದಾನಿಯ ಕಿಡ್ನಿ ಬಳಸಿದ ಯಶಸ್ವಿ ಕಸಿ 1971ರಲ್ಲಿ ವೆಲ್ಲೂರಿನಲ್ಲಿ ನಡೆಯಿತು. ನಡುವೆ 1968ರ ಫೆಬ್ರವರಿಯಲ್ಲಿ ಡಾ. ಪಿ.ಕೆ. ಸೇನ್ ಅವರ ತಂಡ ಕೆಇಎಂನಲ್ಲೇ ದೇಶದ ಮೊದಲ ಹೃದಯ ಕಸಿ ನಡೆಸಿತು. ರೋಗಿ ಹೆಚ್ಚು ಹೊತ್ತು ಬದುಕಲಿಲ್ಲವಾದರೂ ಏಷ್ಯಾದಲ್ಲೇ ಆರಂಭದ ಪ್ರಯತ್ನಗಳಲ್ಲಿ ಅದೂ ಒಂದು.

ಕಿಡ್ನಿ ಕಸಿಯಲ್ಲಿ ವೈದ್ಯರು ಅಪಧಮನಿ, ಅಭಿಧಮನಿ ಮತ್ತು ಮೂತ್ರನಾಳ ಈ ಮೂರನ್ನು ಹೊಲಿಯುತ್ತಾರೆ. ನರಗಳನ್ನು ಜೋಡಿಸುವುದಿಲ್ಲ. ಆದರೂ ಎಷ್ಟೋ ರೋಗಿಗಳಲ್ಲಿ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಹೊಸ ಕಿಡ್ನಿಯಿಂದ ಮೂತ್ರ ಬರಲು ಶುರುವಾಗುತ್ತದೆ. ಏಕೆಂದರೆ ರಕ್ತ ಸೋಸುವುದು ಕಿಡ್ನಿಯ ಸ್ವಂತ ಕೆಲಸ. ಒಳಬರುವ ಒತ್ತಡ ಸ್ವಲ್ಪ ಏರಿಳಿತವಾದರೂ ತನ್ನ ರಕ್ತದ ಹರಿವನ್ನು ಒಂದೇ ಸಮ ಇಟ್ಟುಕೊಳ್ಳುವ ಶಕ್ತಿ ಅದಕ್ಕಿದೆ. ವಾಸೊಪ್ರೆಸಿನ್, ಆಲ್ಡೋಸ್ಟಿರೋನ್‌ಗಳೆಂಬ ಅಂಚೆ ರಕ್ತದ ಮೂಲಕ ತಲುಪುತ್ತಲೇ ಇರುತ್ತದೆ. ಕಡಿದುಹೋದದ್ದು ಟೆಲಿಫೋನ್ ತಂತಿ ಮಾತ್ರ.

ಅಂದರೆ ಮೆದುಳು ಕಿಡ್ನಿಯ ಯಜಮಾನನಲ್ಲ, ಅದರ ಕೆಲಸವನ್ನು ಸಂದರ್ಭಕ್ಕೆ ತಕ್ಕಂತೆ ಹದಗೊಳಿಸುವ ಮೇಲ್ವಿಚಾರಕ.

ನರ ಸುಡುವ ಹೊಸ ಚಿಕಿತ್ಸೆ

ನರವಿಲ್ಲದೆಯೂ ಕಿಡ್ನಿ ನಡೆಯುತ್ತದೆ ಎಂದಾದರೆ, ಬಿಪಿ ಹೆಚ್ಚಿಸುವ ನರಗಳನ್ನು ಮಾತ್ರ ನಿಷ್ಕ್ರಿಯಗೊಳಿಸಬಾರದೇಕೆ? ಈ ಪ್ರಶ್ನೆಯಿಂದ ಹುಟ್ಟಿದ್ದೇ ರೀನಲ್ ಡಿನರ್ವೇಶನ್ ಚಿಕಿತ್ಸೆ. ತೊಡೆಯ ಬಳಿಯ ರಕ್ತನಾಳದಿಂದ ತೆಳುವಾದ ಕೊಳವೆಯನ್ನು ಕಿಡ್ನಿಯ ರಕ್ತನಾಳದವರೆಗೆ ತಂದು, ಅದರ ಗೋಡೆಯ ಸುತ್ತಲಿರುವ ನರಗಳನ್ನು ರೇಡಿಯೋ ತರಂಗ ಅಥವಾ ಅಲ್ಟ್ರಾಸೌಂಡ್ ಶಾಖದಿಂದ ಸುಡಲಾಗುತ್ತದೆ.

2009ರಲ್ಲಿ ಬಂದ ಮೊದಲ ವರದಿಗಳು ಭಾರಿ ಭರವಸೆ ಮೂಡಿಸಿದವು. ಆದರೆ 2014ರಲ್ಲಿ ಅಮೆರಿಕದ ದೊಡ್ಡ ಪರೀಕ್ಷೆಯೊಂದರಲ್ಲಿ ನಿಜವಾದ ಚಿಕಿತ್ಸೆ ಪಡೆದವರಿಗೂ, ಹೆಸರಿಗೆ ಮಾತ್ರ ಚಿಕಿತ್ಸೆ ಪಡೆದವರಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ವಿಧಾನವನ್ನು ಸುಧಾರಿಸಿ ಮತ್ತೆ ಪರೀಕ್ಷಿಸಿದ ಬಳಿಕ, 2023ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇಂತಹ ಎರಡು ಸಾಧನಗಳಿಗೆ ಒಪ್ಪಿಗೆ ನೀಡಿತು. ಸರಾಸರಿ ಪ್ರಯೋಜನ ಸಾಧಾರಣ ಮಟ್ಟದ್ದು. ಮಾತ್ರೆಗಳಿಂದ ಬಿಪಿ ಹತೋಟಿಗೆ ಬಾರದ ಕೆಲವರಿಗೆ ಮಾತ್ರ ಇದು ಹೆಚ್ಚುವರಿ ದಾರಿ, ಮಾತ್ರೆಗೆ ಬದಲಿ ಅಲ್ಲ.

ಮೆದುಳಿನ ಆದೇಶ ತಪ್ಪಿದಾಗ

ತಲೆಗೆ ಪೆಟ್ಟು ಬಿದ್ದಾಗ ಅಥವಾ ಪಿಟ್ಯುಟರಿ ಶಸ್ತ್ರಚಿಕಿತ್ಸೆಯ ಬಳಿಕ ಕೆಲವರಲ್ಲಿ ವಾಸೊಪ್ರೆಸಿನ್ ಬರುವುದು ನಿಲ್ಲುತ್ತದೆ. ಕಿಡ್ನಿ ಆರೋಗ್ಯವಾಗಿಯೇ ಇದ್ದರೂ ದಿನಕ್ಕೆ ಹತ್ತು ಲೀಟರಿಗೂ ಹೆಚ್ಚು ಮೂತ್ರ ಹೋಗಬಹುದು. ಇದಕ್ಕೆ ತದ್ವಿರುದ್ಧವಾಗಿ ಪಾರ್ಶ್ವವಾಯು, ಮೆದುಳಿನ ಸೋಂಕು, ನ್ಯುಮೋನಿಯಾ ಅಥವಾ ಕೆಲವು ಔಷಧಗಳಿಂದ ವಾಸೊಪ್ರೆಸಿನ್ ಅತಿಯಾದರೆ, ನೀರು ದೇಹದಲ್ಲೇ ಉಳಿದು ಸೋಡಿಯಂ ಇಳಿಯುತ್ತದೆ. ಮನೆಯ ಹಿರಿಯರು ಇದ್ದಕ್ಕಿದ್ದಂತೆ ಗೊಂದಲಕ್ಕೆ ಒಳಗಾಗಿ ಏನೇನೋ ಮಾತನಾಡತೊಡಗಿದರೆ ಅದನ್ನು ವಯಸ್ಸಿನ ಮರೆವು ಎಂದು ತಳ್ಳಿಹಾಕಬಾರದು. ಸೋಡಿಯಂ ಪರೀಕ್ಷೆ ಮಾಡಿಸಬೇಕು.

ಗೊರಕೆಯ ನಡುವೆ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾದಲ್ಲಿ ಆಮ್ಲಜನಕ ಇಳಿದಾಗಲೆಲ್ಲ ಮೆದುಳು ಗಾಬರಿಯ ಆದೇಶ ಹೊರಡಿಸುತ್ತದೆ. ಸಹಜವಾಗಿ ನಿದ್ರೆಯಲ್ಲಿ ಬಿಪಿ ಶೇ. 10ರಿಂದ 20ರಷ್ಟು ಇಳಿಯಬೇಕು. ಇಂತಹವರಲ್ಲಿ ಅದು ಇಳಿಯುವುದೇ ಇಲ್ಲ.

ಮುಂಬೈ ಬದುಕಿಗೂ ಇದಕ್ಕೂ ಏನು ಸಂಬಂಧ?

ಹೋಟೆಲ್ ಅಡುಗೆಮನೆಯ ಬೆಂಕಿಯ ಮುಂದೆ ನಿಲ್ಲುವವರು, ಕಟ್ಟಡ ಕಾರ್ಮಿಕರು, ಡೆಲಿವರಿ ಹುಡುಗರು, ಬಸ್ ಚಾಲಕರು ಸೆಕೆಯಲ್ಲಿ ಲೀಟರುಗಟ್ಟಲೆ ಬೆವರುತ್ತಾರೆ. ಶೌಚಾಲಯದ ತೊಂದರೆಯಿಂದ ಹಲವು ಮಹಿಳೆಯರು ಲೋಕಲ್ ರೈಲಿನ ದೀರ್ಘ ಪ್ರಯಾಣದಲ್ಲಿ ನೀರನ್ನೇ ಕುಡಿಯುವುದಿಲ್ಲ. ಆಗ ಮೆದುಳು ಇರುವ ನೀರನ್ನು ಉಳಿಸಲು ಕಿಡ್ನಿಗೆ ಆದೇಶ ಕೊಡುತ್ತಲೇ ಇರುತ್ತದೆ. ಮೂತ್ರ ಗಟ್ಟಿಯಾಗಿ ಕಲ್ಲು, ಸೋಂಕಿನ ಸಾಧ್ಯತೆ ಹೆಚ್ಚುತ್ತದೆ.

ಸಂಜೆ ತಲೆನೋವು, ಮೈಕೈ ನೋವು ಎಂದು ಮೆಡಿಕಲ್ ಶಾಪ್‌ನಿಂದ ನೋವಿನ ಮಾತ್ರೆ ನುಂಗುವುದು ಇನ್ನೊಂದು ಅಪಾಯ. ನೀರು ಕಡಿಮೆಯಾದಾಗ ನರಗಳು ಕಿಡ್ನಿಯ ರಕ್ತನಾಳವನ್ನು ಬಿಗಿ ಹಿಡಿಯುತ್ತವೆ. ಕಿಡ್ನಿ ತನ್ನ ರಕ್ಷಣೆಗೆ ಪ್ರೋಸ್ಟಗ್ಲಾಂಡಿನ್ ಎಂಬ ಅಂಶ ತಯಾರಿಸಿ ಅದನ್ನು ಸಡಿಲಿಸುತ್ತದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂತಹ ಮಾತ್ರೆಗಳು ಆ ರಕ್ಷಣೆಯನ್ನೇ ತಡೆಯುತ್ತವೆ. ಇವು ಬಿಪಿಯನ್ನೂ ಏರಿಸಬಲ್ಲವು. ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆಗಳ ಜೊತೆ ಸೇರಿದರೆ ಕಿಡ್ನಿಗೆ ಹಠಾತ್ ಪೆಟ್ಟು ಬೀಳಬಹುದು.

ರಾತ್ರಿ ಪಾಳಿ, ಕಡಿಮೆ ನಿದ್ರೆ, ಸದ್ದು ಸಿಂಪಥೆಟಿಕ್ ನರಗಳಿಗೆ ಬಿಡುವು ಕೊಡುವುದಿಲ್ಲ. ಅದರ ಮೇಲೆ ಉಪ್ಪು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಒಂದು ಟೀ ಚಮಚದಷ್ಟು. ಫರ್ಸಾಣ್, ಹಪ್ಪಳ, ಉಪ್ಪಿನಕಾಯಿ, ಬೇಕರಿ ತಿನಿಸು ಸೇರಿದರೆ ಈ ಮಿತಿ ಮಧ್ಯಾಹ್ನಕ್ಕೇ ಮುಗಿದಿರುತ್ತದೆ.

ಏನು ಮಾಡಬೇಕು? ಏನು ಮಾಡಬಾರದು?

* ಬಿಪಿ ಅಳೆಯುವ ಮುನ್ನ ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಬೆನ್ನಿಗೆ ಆಸರೆ ಇರಬೇಕು, ತೋಳು ಹೃದಯದ ಮಟ್ಟದಲ್ಲಿರಬೇಕು. ಅರ್ಧ ಗಂಟೆ ಮೊದಲು ಚಹಾ, ಕಾಫಿ, ತಂಬಾಕು ಬೇಡ.

* ಮೂತ್ರಕ್ಕೆ ಹೋಗಿ ಬಂದ ಮೇಲೆಯೇ ಅಳೆಯಬೇಕು. ಮೂತ್ರಕೋಶ ತುಂಬಿದ್ದರೆ ನರಗಳ ಮೂಲಕ ಬಿಪಿ ಹೆಚ್ಚಾಗಿ ತೋರಿಸುತ್ತದೆ.

* ವೈದ್ಯರ ಕೋಣೆಯಲ್ಲಿ ಮಾತ್ರ ಬಿಪಿ ಏರುವುದಿದೆ. ಮೆದುಳಿನ ಆತಂಕವೇ ಇದಕ್ಕೆ ಕಾರಣ. ಅನುಮಾನವಿದ್ದರೆ ಮನೆಯಲ್ಲಿ ಅಳೆದು ಬರೆದಿಟ್ಟುಕೊಳ್ಳಬೇಕು. ಕ್ಲಿನಿಕ್‌ನಲ್ಲಿ ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಅಧಿಕ ರಕ್ತದೊತ್ತಡ.

* ಬಿಪಿ ಅಥವಾ ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆಯಾದರೂ ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಅಲ್ಬುಮಿನ್ ಪರೀಕ್ಷೆ ಮಾಡಿಸಬೇಕು. ಕಿಡ್ನಿ ಹಾನಿ ಆರಂಭದಲ್ಲಿ ನೋವು ಕೊಡುವುದಿಲ್ಲ.

* ಕ್ಲೋನಿಡಿನ್, ಬೀಟಾ ಬ್ಲಾಕರ್‌ನಂತಹ ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಬಾರದು. ಅಲ್ಲಿಯವರೆಗೆ ತಡೆದಿದ್ದ ನರಗಳ ಆದೇಶ ಒಮ್ಮೆಲೇ ನುಗ್ಗಿ ಬಿಪಿ ಮೊದಲಿಗಿಂತಲೂ ಹೆಚ್ಚಬಹುದು.

* ಪ್ರಿಲ್ ಅಥವಾ ಸಾರ್ಟನ್ ಎಂದು ಕೊನೆಯಾಗುವ ಹೆಸರಿನ ಮಾತ್ರೆಗಳು ಆಂಜಿಯೋಟೆನ್ಸಿನ್ ಪ್ರಭಾವವನ್ನು ತಡೆದು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿರುವವರ ಕಿಡ್ನಿಯನ್ನೂ ಕಾಪಾಡುತ್ತವೆ. ವಾಂತಿ, ಭೇದಿ, ತೀವ್ರ ಜ್ವರ ಬಂದ ದಿನಗಳಲ್ಲಿ ಅವನ್ನು ಮುಂದುವರಿಸಬೇಕೇ ಎಂದು ವೈದ್ಯರನ್ನು ಕೇಳಬೇಕು. ಗರ್ಭಿಣಿಯರು ಇವನ್ನು ಸೇವಿಸಬಾರದು.

* ಮಳೆಗಾಲದಲ್ಲಿ ನೆರೆ ನೀರಿನಲ್ಲಿ ನಡೆದ ಬಳಿಕ ಜ್ವರ, ಮೀನಖಂಡದ ನೋವು, ಮೂತ್ರ ಕಡಿಮೆಯಾಗುವುದು ಕಂಡರೆ ಇಲಿಜ್ವರ ಇರಬಹುದು. ಅದು ಕಿಡ್ನಿಗೆ ನೇರ ಹಾನಿ ಮಾಡುತ್ತದೆ. ನೋವಿನ ಮಾತ್ರೆ ನುಂಗಿ ಮಲಗದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

* ಈಗಾಗಲೇ ಕಿಡ್ನಿ ವೈಫಲ್ಯ ಅಥವಾ ಹೃದಯ ದೌರ್ಬಲ್ಯ ಇರುವವರು ಎಷ್ಟು ನೀರು ಕುಡಿಯಬೇಕು ಎಂಬುದನ್ನು ವೈದ್ಯರೇ ಹೇಳಬೇಕು. ಹೆಚ್ಚು ಕುಡಿದಷ್ಟೂ ಒಳ್ಳೆಯದು ಎಂಬುದು ಅವರಿಗೆ ಅನ್ವಯಿಸುವುದಿಲ್ಲ.

ನಡಿಗೆ, ಒಳ್ಳೆಯ ನಿದ್ರೆ, ನಿಧಾನವಾದ ದೀರ್ಘ ಉಸಿರಾಟ ಸಿಂಪಥೆಟಿಕ್ ನರಗಳ ಅಬ್ಬರವನ್ನು ತಗ್ಗಿಸುತ್ತವೆ. ಉಪ್ಪು ಕಡಿಮೆ ಮಾಡಿದರೆ ಕಿಡ್ನಿಯ ಹೊರೆ ಇಳಿಯುತ್ತದೆ. ಮಾತ್ರೆಗಳು ಉಳಿದ ಕೆಲಸ ಮಾಡುತ್ತವೆ. ಈ ಮೂರರಲ್ಲಿ ಒಂದನ್ನು ಹಿಡಿದು ಇನ್ನೆರಡನ್ನು ಬಿಟ್ಟರೆ ಪ್ರಯೋಜನ ಕಡಿಮೆ. 1940ರ ದಶಕದಲ್ಲಿ ಪರೇಲ್‌ನ ವಾರ್ಡ್‌ಗಳಲ್ಲಿ ಮಲಗಿದ್ದ ರೋಗಿಗಳಿಗೆ ಆಯ್ಕೆಗಳೇ ಇರಲಿಲ್ಲ. ಇಂದು ಪಾಲಿಕೆಯ ದವಾಖಾನೆಯಲ್ಲಿಯೂ ಬಿಪಿ ಅಳೆಯುತ್ತಾರೆ, ಮಾತ್ರೆ ಕೊಡುತ್ತಾರೆ. ಏನೂ ತೊಂದರೆ ಅನಿಸದಿದ್ದಾಗಲೇ ಅಲ್ಲಿಗೆ ಹೋಗಿ ತೋಳು ಚಾಚಿದರೆ ಕಿಡ್ನಿಯೂ ಉಳಿಯುತ್ತದೆ, ಮೆದುಳೂ ಉಳಿಯುತ್ತದೆ.